ಗಾಜಿನ ಮೇಲಿನ ಎರೆಹುಳು

ಜೂನ್ ೧೪, ಶುಕ್ರವಾರ

ಅತ್ತೆಯದು ಇವತ್ತೂ ಅದೇ ರಾಗ: "ಹನ್ನೊಂದು ತಿಂಗಳಾಯ್ತು, ಮಗು ಇನ್ನೂ ತೆವಳಲ್ವಲ್ಲಾ?"

ಚೆನ್ನಾಗಿ ಕಾಣಲೆಂದು ತರಗತಿಯಲ್ಲಿ ಎರೆಹುಳುವನ್ನು ಗಾಜಿನ ಮೇಲೆ ಬಿಟ್ಟೆ. ಉಂಗುರದಂಥ ಸ್ನಾಯು ಬಿಗಿದಾಗ ಮೈ ಉದ್ದವಾಯಿತು, ಉದ್ದನೆಯ ಸ್ನಾಯು ಬಿಗಿದಾಗ ಗಿಡ್ಡವಾಯಿತು. ಹುಳು ಮಾತ್ರ ಇದ್ದಲ್ಲೇ ಇತ್ತು.

"ಸೋಮಾರಿ ಹುಳ, ಮಿಸ್!" ಹುಡುಗಿಯರು ನಕ್ಕರು.

ಒರಟು ಕಾಗದಕ್ಕೆ ಎತ್ತಿಟ್ಟೆ. ಹೊಟ್ಟೆಯಡಿಯ ಬಿರುಗೂದಲುಗಳನ್ನು ಊರಿಕೊಂಡು, ಕರಕರ ಸದ್ದು ಮಾಡುತ್ತಾ ಹೊರಟೇಬಿಟ್ಟಿತು.

ಮನೆಯದೂ ನುಣ್ಣನೆಯ ನೆಲ. ಶೀತವಾದೀತೆಂದು ಮಗಳಿಗೆ ಸದಾ ಕಾಲುಚೀಲ ತೊಡಿಸುವವಳು ನಾನೇ. ತಪ್ಪು ನೆಲದ್ದೇ ಆಗಿರಲಿ ದೇವರೇ ಎಂದುಕೊಂಡು, ಸಂಜೆ ಕಾಲುಚೀಲ ಕಳಚಿ ಒರಟು ಚಾಪೆಯ ಮೇಲೆ ಬೋರಲು ಮಲಗಿಸಿದೆ.

ಎಡಗಾಲಿನ ಬೆರಳು ಊರಿದಳು. ಮತ್ತೆ ಮತ್ತೆ ಎಡಗಾಲೇ. ಬಲಗಾಲು ಸುಮ್ಮನೆ ಹಿಂದೆ ಬಿದ್ದಿತ್ತು.

ಇವರಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ ಹೇಳಬೇಕು.