ಪಾತ್ರೆಯ ಇನ್ನೊಂದು ಹಿಡಿ

ಅಕ್ಕಾ,

ನೀನು ತೀರಿಕೊಂಡು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ಇವತ್ತು ತರಗತಿಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ನರಮಂಡಲದ ಪಾಠ ನಡೆಯುತ್ತಿತ್ತು. ಹುಡುಗಿಯೊಬ್ಬಳು ಒಲೆಯಿಂದ ಆಗಷ್ಟೇ ಇಳಿಸಿದ ಬೀಕರನ್ನು ತಿಳಿಯದೆ ಮುಟ್ಟಿ ಸರಕ್ಕನೆ ಕೈ ಎಳೆದುಕೊಂಡಳು. ಇಪ್ಪತ್ತು ವರ್ಷದಿಂದ ಹೇಳುತ್ತಿರುವುದನ್ನೇ ಹೇಳಿದೆ: "ನೋಡಿ, ಇದು ಬೆನ್ನುಹುರಿಯ ಕೆಲಸ. ಮೆದುಳಿಗೆ ಸುದ್ದಿ ಮುಟ್ಟೋದರೊಳಗೆ ಕೈ ವಾಪಸ್ ಬಂದಿರುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ."

ಆ ಕೊನೆಯ ಮಾತು ಪಠ್ಯಪುಸ್ತಕದಲ್ಲಿಲ್ಲ.

ಅವಳು ಬೆರಳಿಗೆ ಉಫ್ ಉಫ್ ಎಂದು ಊದುತ್ತಲೇ ಕೇಳಿದಳು: "ಸರ್, ಬಿಸಿ ಇದೆ ಅಂತ ಮೊದಲೇ ಗೊತ್ತಿದ್ರೆ? ನಮ್ಮಮ್ಮ ಸುಡೋ ಪಾತ್ರೆ ಹಿಡ್ಕೊಂಡೇ ಮೇಜಿನ ತನಕ ಬರ್ತಾರೆ, ಬಿಡೋದೇ ಇಲ್ಲ!"

ಎಲ್ಲರೂ ನಕ್ಕರು. ಸುಳ್ಳು ಹೇಳಲಾಗಲಿಲ್ಲ.

"ಗೊತ್ತಿದ್ರೆ, ಕೈ ಎಳ್ಕೊಳ್ಳದ ಹಾಗೆ ಮೆದುಳು ಮೊದಲೇ ತಡೆ ಹಾಕುತ್ತೆ. ಸ್ವಲ್ಪ ಹೊತ್ತಾದ್ರೂ ಹಿಡ್ಕೋಬಹುದು," ಅಂದೆ. ಸೀಮೆಸುಣ್ಣ ಕೈಯಲ್ಲೇ ಮುರಿಯಿತು.

ಚಿಕ್ಕವರಿದ್ದಾಗ ಕುದಿನೀರಿನ ಪಾತ್ರೆಯನ್ನು ನಾವಿಬ್ಬರೂ ಹಿಡಿದು ಮೆಟ್ಟಿಲಿಳಿಯುವಾಗ ನಾನು ನನ್ನ ಕಡೆಯ ಹಿಡಿ ಬಿಟ್ಟೆನಲ್ಲ, ಆ ದಿನ ಸುಟ್ಟ ಕಾಲು ಹಿಡಿದುಕೊಂಡೇ ನೀನು ಅಮ್ಮನಿಗೆ ಹೇಳಿದ್ದೆ: "ಅವನಿಗೆ ಬೈಬೇಡಮ್ಮ. ಅಷ್ಟು ಬಿಸಿ ಇದೆ ಅಂತ ಅವನಿಗೇನು ಗೊತ್ತು!" ಆಮೇಲೆ ನೀನು ಬದುಕಿಡೀ ಕುಂಟಿದೆ. ಒಮ್ಮೆಯೂ ಆ ಮಾತು ಬದಲಿಸಲಿಲ್ಲ. ನಾನೂ ತಿದ್ದಲಿಲ್ಲ.

ಪಾತ್ರೆ ಎತ್ತುವ ಮುಂಚೆ ನೀನು ನನ್ನ ಮುಖ ನೋಡಿ ಹೇಳಿದ್ದು ಈಗ ನನ್ನೊಬ್ಬನಿಗೇ ಗೊತ್ತು:

"ಹಿಡಿ ಸುಡ್ತಿದೆ ಕಣೋ. ಕೆಳಗೆ ಇಳಿಯೋ ತನಕ ಬಿಡಬೇಡ."