ಫಿಕ್ಕಾ ಬಣ್ಣದ ಮೂರನೇ ಸೀರೆ

ದೊಡವಾಡ
ದಿ. ೧೪-೭-೨೦೨೫, ಸೋಮವಾರ

ಪ್ರೀತಿಯ ತಮ್ಮ ಅಂದಾನೆಪ್ಪನಿಗೆ,

ಆರಾಮ ಇದ್ದೀಯಾ? ಮೊಣಕಾಲು ನೋವು ಇಳಿಯಿತೋ ಇಲ್ಲವೋ? ಸಾಲಹಳ್ಳಿಯಲ್ಲಿ ಮಳೆ ಹೇಗಿದೆ? ಅನ್ನಪೂರ್ಣಾ, ಮಕ್ಕಳು ಕ್ಷೇಮ ತಾನೆ? ನಾನು ಆರಾಮ ಇದ್ದೇನೆ, ಸಿಟ್ಟೊಂದು ಬಿಟ್ಟರೆ. ಫೋನು ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುವವ, ಅದಕ್ಕೇ ಕಾಗದ. ಒಬ್ಬನೇ ಕುಳಿತು ಓದು.

ನೀನು ಕಳಿಸಿದ ಪಂಚಮಿ ಸೀರೆಯನ್ನು ನಿನ್ನೆ ಕಂಡಕ್ಟರ್ ಯಮನಪ್ಪ ಕೊಟ್ಟುಹೋದ. ಬಿಚ್ಚಿ ನೋಡಿದರೆ ಫಿಕ್ಕಾ. ಹೋದ ವರ್ಷವೂ ಫಿಕ್ಕಾ, ಅದರ ಹಿಂದಿನ ವರ್ಷವೂ ಫಿಕ್ಕಾ. ನಿಮ್ಮ ಮಾಮಾ ತೀರಿಕೊಂಡು ನಾನು ಒಬ್ಬಳಾದ ಮೇಲೆ ನಿನ್ನ ಕಣ್ಣಿಗೆ ಬೇರೆ ಬಣ್ಣವೇ ಬೀಳುತ್ತಿಲ್ಲವಲ್ಲ. ಫಾಲ್ ಹಚ್ಚೋಣವೆಂದು ಮಷಿನ್ ಮುಂದೆ ಕುಳಿತೆ. ಇಪ್ಪತ್ತು ವರ್ಷದಿಂದ ಈ ಊರಿನ ಸೀರೆಗಳಿಗೆಲ್ಲ ಫಾಲ್ ಹಚ್ಚಿದವಳು ನಾನು. ಡಬ್ಬಿಯಲ್ಲಿ ಅರವತ್ತು ರೀಲು ದಾರ ಇದೆ, ಒಂದೂ ಹೊಂದಲಿಲ್ಲ. ಬೂದಿ ಅನ್ನೋಣವೆಂದರೆ ಬೂದಿಯಲ್ಲ, ಗೋಧಿ ಅನ್ನೋಣವೆಂದರೆ ಗೋಧಿಯಲ್ಲ. ಹೆಸರೇ ಇಲ್ಲದ ಬಣ್ಣವನ್ನು ಎಲ್ಲಿಂದ ಹುಡುಕಿ ತಂದೆಯಪ್ಪಾ?

ನೀನು ಏನು ಹೇಳುತ್ತೀ ಗೊತ್ತು: "ಅಕ್ಕಾ, ತಿಳಿ ಬಣ್ಣ ನಿನಗ ಚಲೋ ಕಾಣತೈತಿ." ಸುಮ್ಮನಿರು. ತಿಳಿ ಬೇರೆ, ಫಿಕ್ಕಾ ಬೇರೆ. ತಿಳಿಹಸಿರು ಹಸಿರೇ. ಜೋಳದ ಎಳೆ ಮೊಳಕೆಯನ್ನು ಯಾರಾದರೂ ಹಸಿರಲ್ಲ ಅನ್ನುತ್ತಾರೇನು? ಫಿಕ್ಕಾ ಅಂದರೆ ಇದ್ದ ಬಣ್ಣ ಹೋದದ್ದು. ಉಟ್ಟು, ಒಗೆದು, ಬಿಸಿಲಿಗೆ ಹಾಕಿ ಫಿಕ್ಕಾ ಆದರೆ ಅದು ನ್ಯಾಯ. ಮಡಿಕೆ ಬಿಚ್ಚದ ಹೊಸ ಸೀರೆ ಮೊದಲೇ ಫಿಕ್ಕಾ ಇದ್ದರೆ ಏನನ್ನಬೇಕು?

ಅಂಗಡಿಯಲ್ಲಿ ಈ ಮಾತು ಹೇಗೆ ನಡೆಯುತ್ತದೆಂದು ನನಗೆ ಗೊತ್ತಿಲ್ಲವೆ? ಗಂಡ ಸತ್ತವಳಿಗೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಸ್ವಲ್ಪ ಫಿಕ್ಕಾ ಇರ್ಲಿರಿ" ಅಂದರೆ ಸಾಕು, ಅಂಗಡಿಯವ ಬೇರೆ ಕಪಾಟಿಗೆ ಕೈ ಹಾಕುತ್ತಾನೆ. ನಮ್ಮ ರಾಚವ್ವ ಚಿಗವ್ವನಿಗೆ ನಾನೇ ಬೈಲಹೊಂಗಲದಿಂದ ಹಾಗೆ ಹೇಳಿ ಎರಡು ಸೀರೆ ತಂದುಕೊಟ್ಟಿದ್ದೆ. "ಚಲೋ ಅದಾವು ಬಿಡವಾ" ಎಂದು ಟ್ರಂಕಿನಲ್ಲಿಟ್ಟಳು. ಆಕೆ ಹೋದ ಮೇಲೆ ಎರಡೂ ಮಡಿಕೆ ಬಿಚ್ಚದೆ ಸಿಕ್ಕವು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ಅದೇ ಅಂಗಡಿಗೆ ನನಗೊಂದು ಸೀರೆ ಕೊಳ್ಳಲು ಹೋಗಿದ್ದೆ. ಅವನು ನನ್ನ ಹಣೆ ನೋಡಿ, ಕೇಳದೆಯೇ ಫಿಕ್ಕಾ ಗಂಟು ಬಿಚ್ಚಿದ. "ಗಿಣಿಹಸರು ತಗೀರಿ, ನನಗಽ ಬೇಕು" ಅಂದೆ. ತೆಗೆದ. ಅದನ್ನೇ ಉಟ್ಟುಕೊಂಡು ಈ ಕಾಗದ ಬರೆಯುತ್ತಿದ್ದೇನೆ. ಓಣಿಯ ಹೆಣ್ಣುಮಕ್ಕಳು ಎರಡು ದಿನ ನೋಡಿದರು, ಮೂರನೇ ದಿನ ಎಂದಿನಂತೆ ಜಂಪರು ಹೊಲಿಸಲು ಬಂದರು. ಊರಿನವರಿಗೆ ಇಲ್ಲದ ಚಿಂತೆ ನನ್ನ ತಮ್ಮನಿಗೇಕೆ?

ನಿನ್ನ ಸೀರೆಯನ್ನು ಯಮನಪ್ಪನ ಕೈಯಲ್ಲೇ ವಾಪಸು ಕಳಿಸುತ್ತಿದ್ದೇನೆ. ಅಂಗಡಿಯವರು ಬದಲಿ ಕೊಡದಿದ್ದರೆ ಕಿಟಕಿಗೆ ಪರದೆ ಮಾಡಿಕೊ. ಅನ್ನಪೂರ್ಣಾಳ ಮೇಲೆ ಹಾಕಬೇಡ, ಆರಿಸಿದವ ನೀನೇ. ಮಕ್ಕಳಿಗೆ ಅತ್ತಿ ಕೇಳಿದಳು ಅಂತ ಹೇಳು. ಬಸವಣ್ಣ ನಿನ್ನನ್ನು ಚೆನ್ನಾಗಿ ಇಡಲಿ, ಹಾಗೆಯೇ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಸಿದ್ದಲಿಂಗವ್ವ

ತಾ.ಕ.: ಸೀರೆಯ ಮಾತು ಅತ್ತ ಇರಲಿ. ಮಾಮಾ ಇದ್ದಾಗ ಒಂದು ಪಂಚಮಿಗೂ ತಪ್ಪದೆ ನನ್ನನ್ನು ತವರಿಗೆ ಕರೆಯಲು ಬರುತ್ತಿದ್ದೆ. ಈಗ ಸೀರೆ ಬರುತ್ತದೆ, ನೀನು ಬರುವುದಿಲ್ಲ. ಗಂಡ ಹೋದವಳನ್ನು ಹಬ್ಬಕ್ಕೆ ಕರೆಯಬಾರದೆಂದು ನಿನಗೆ ಯಾರು ಹೇಳಿದರೋ, ನಾನು ಕೇಳುವುದಿಲ್ಲ. ಎರಡು ವರ್ಷವೂ ಇಲ್ಲಿಯ ಹುತ್ತಕ್ಕೆ ಒಬ್ಬಳೇ ಹೋಗಿ "ತಮ್ಮನ ಪಾಲು" ಅಂತ ಹಾಲೆರೆದು ಬಂದಿದ್ದೇನೆ. ಇಪ್ಪತ್ತೊಂಬತ್ತಕ್ಕೆ ಪಂಚಮಿ. ಕೈ ಬೀಸಿಕೊಂಡೇ ಬಾ, ಆದರೆ ಕರೆಯಲು ಬಾ.