ಅರ್ಧ ಉಳಿದ ತಟ್ಟೆ

ಮಾರ್ಚ್ ೧೨, ಗುರುವಾರ

ಹಾಳು ಸೆಕೆ, ನಿದ್ದೆ ಹತ್ತುತ್ತಿಲ್ಲ. "ಜಾಗ ಬದಲಾದ್ರೆ ಅಪ್ಪನ ಮರೆವು ಸ್ವಲ್ಪ ಕಡಿಮೆ ಆಗ್ಬಹುದು, ಹೋಗ್ಬನ್ನಿ" ಎಂದು ಮಗಳು ನಮ್ಮಿಬ್ಬರನ್ನೂ ಈ ಕಡಲತೀರಕ್ಕೆ ಅಟ್ಟಿದಳು. ಸಮುದ್ರವೇನು ಔಷಧಿಯೇ?

ಸಂಜೆ ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ ಹೋಟೆಲಿನಲ್ಲಿ ಕೂತೆವು. ಅವರಿಗೆ ಮೀನು, ನನಗೆ ನೂಡಲ್ಸ್. ಮದುವೆಯಾದಾಗಿನಿಂದ ನಮ್ಮದೊಂದು ಹುಚ್ಚು, ಅರ್ಧ ತಿಂದ ಮೇಲೆ ತಟ್ಟೆ ಅದಲುಬದಲು ಮಾಡಿಕೊಳ್ಳುವುದು. ಎಂಜಲು ಎಂದು ಅತ್ತೆ ಎಷ್ಟು ಬೈದರೂ ಬಿಟ್ಟಿರಲಿಲ್ಲ. ಇವತ್ತೂ ಅವರು ಸರಿಯಾಗಿ ಅರ್ಧಕ್ಕೆ ಕೈ ನಿಲ್ಲಿಸಿದರು. ಎಲ್ಲ ಹೋದರೂ ಇದೊಂದು ಉಳಿದಿದೆಯಲ್ಲ ಎಂದು ಜೀವ ಹಿಗ್ಗಿತು. ನನ್ನ ತಟ್ಟೆಯನ್ನು ಮುಂದೆ ಸರಿಸಿದೆ.

ಅವರು ಎದ್ದು ಹೋಗಿ, ಪಕ್ಕದ ಮೇಜಿನಲ್ಲಿ ಒಬ್ಬಳೇ ಉಣ್ಣುತ್ತಿದ್ದ ಹೆಂಗಸಿನ ಮುಂದೆ ತಮ್ಮ ತಟ್ಟೆ ಇಟ್ಟು, "ತಗೊಳ್ಳೇ, ನಿಂದು ಕೊಡು" ಅಂದರು.

ಆಕೆ ಗಾಬರಿಯಿಂದ ನನ್ನ ಮುಖ ನೋಡಿದಳು. ಕೊಟ್ಟುಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಕೊಟ್ಟಳು, ಪುಣ್ಯಾತ್ಗಿತ್ತಿ.

ಅವಳ ತಟ್ಟೆ ಹಿಡಿದು ಬಂದು ನನ್ನೆದುರು ಕೂತು, ಒಂದಗುಳೂ ಬಿಡದೆ ತಿಂದರು. ಆಮೇಲೆ ನನ್ನ ತಟ್ಟೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು, "ಯಾಕಮ್ಮಾ ಅರ್ಧಕ್ಕೇ ನಿಲ್ಲಿಸಿದ್ದೀರಾ? ಯಾರಾದ್ರೂ ಬರೋರಿದ್ದಾರಾ?"

"ಹೌದು, ಕಾಯ್ತಾ ಇದೀನಿ" ಅಂದೆ.